ಮರದ ವಯಸ್ಸೂ ಕೆತ್ತನೆಯ ವಯಸ್ಸೂ

ಯೂರೋಪಿನ ಹಳೆಯ ಸಾಮಾನುಗಳ ಅಂಗಡಿಗಳಲ್ಲಿ ಸವೊನರೋಲಾ ಕುರ್ಚಿ ಎಂಬ ಒಂದು ಬಗೆಯ ಆಸನವು ಕಾಣಬರುತ್ತದೆ. ಬಿಲ್ಲಿನಂತೆ ಬಾಗಿದ ತೆಳುವಾದ ಪಟ್ಟಿಗಳು ಸಾಲಾಗಿ ನಡುವೆ ಒಂದನ್ನೊಂದು ಹಾಯ್ದು, ಕೆಳಗೆ ಕಾಲುಗಳಾಗಿಯೂ ಮೇಲೆ ಕೈಯಾಸರೆಗಳಾಗಿಯೂ ನಿಲ್ಲುತ್ತವೆ. ಬೆನ್ನಿಗೆ ಕೆತ್ತನೆಯುಳ್ಳ ಒಂದು ಹಲಗೆ. ಬೇಡವಾದಾಗ ಮಡಿಸಿ ಗೋಡೆಗೆ ಒರಗಿಸಿಡಬಹುದು. ಸವೊನರೋಲಾ ಎಂಬಾತನು ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದ ಒಬ್ಬ ಸಂನ್ಯಾಸಿ. ಭೋಗವಸ್ತುಗಳೆಲ್ಲ ಪಾಪಕ್ಕೆ ಮೂಲವೆಂದು ಸಾರಿ, ೧೪೯೭ರಲ್ಲಿ ಜನರಿಂದ ಕನ್ನಡಿ, ವಾದ್ಯ, ಚಿತ್ರ, ಆಭರಣಗಳನ್ನು ತರಿಸಿ ಊರ ನಡುವಣ ಚೌಕದಲ್ಲಿ ಸುಡಿಸಿದವನು. ಮರುವರ್ಷ ಅದೇ ಚೌಕದಲ್ಲಿ ತಾನೇ ಗಲ್ಲಿಗೇರಿ ಬೆಂಕಿಗೆ ಆಹುತಿಯಾದವನು. ಅಂಥವನ ಹೆಸರು ಕೆತ್ತನೆಯ ಕುರ್ಚಿಯೊಂದಕ್ಕೆ ಅಂಟಿಕೊಂಡಿರುವುದು ವಿನೋದವೇ ಸರಿ. ಆದರೆ ಆ ಹೆಸರು ಅವನ ಕಾಲದ್ದಲ್ಲ. ಅವನು ಸತ್ತು ಮುನ್ನೂರೈವತ್ತು ವರ್ಷಗಳು ಕಳೆದ ಮೇಲೆ, ಹತ್ತೊಂಬತ್ತನೆಯ ಶತಮಾನದ ಜನರು ಇಟ್ಟದ್ದು. ಇದರ ಜೊತೆಯದೇ ಆದ ಇನ್ನೊಂದು ಕುರ್ಚಿಗೆ ದಾಂತೆ ಕವಿಯ ಹೆಸರು. ಆ ಮಹಾಕವಿ ತೀರಿಕೊಂಡದ್ದು ೧೩೨೧ರಲ್ಲಿ. ಅವನ ಹೆಸರಿನ ಕುರ್ಚಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಉಗಿಬಂಡಿ ಬಂದ ನಂತರ.

ಹೆಸರು ಹೊಸದು, ಆಕಾರ ಹಳೆಯದು, ಕೆತ್ತಿದ ಕೈ ಹೊಸದು, ಕೆತ್ತಿದ ಮರ ಒಮ್ಮೊಮ್ಮೆ ನಿಜವಾಗಿಯೂ ಹಳೆಯದು. ಇಂಥ ಪದಾರ್ಥವನ್ನು ಏನೆಂದು ಕರೆಯಬೇಕು? ಅಸಲೆನ್ನಬೇಕೋ, ನಕಲೆನ್ನಬೇಕೋ, ಮೋಸವೆನ್ನಬೇಕೋ? ಈ ಪ್ರಶ್ನೆಯು ಕೇವಲ ಹಣವಂತರ ದಿವಾನಖಾನೆಗೆ ಸಂಬಂಧಿಸಿದ್ದೆಂದು ತಾವು ತಿಳಿಯಬಾರದು. ಇತಿಹಾಸವನ್ನು ಓದುವವರಿಗೆಲ್ಲ ಇದು ಒಂದಲ್ಲ ಒಂದು ರೂಪದಲ್ಲಿ ಎದುರಾಗುವುದು.

ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಇಟಲಿಯ ನಗರಗಳಲ್ಲಿ ತಲೆಯೆತ್ತಿದ ಕಲಾಯುಗವನ್ನು ಈ ಭಾಷಣದಲ್ಲಿ ನವೋದಯ ಕಾಲವೆಂದು ಕರೆಯೋಣ. ಅದರ ಯೂರೋಪಿನ ಹೆಸರಿಗೆ ಮರುಹುಟ್ಟು ಎಂದೇ ಅರ್ಥ. ಪ್ರಾಚೀನ ರೋಮಿನ ಕಲೆ ಮತ್ತೆ ಹುಟ್ಟಿತೆಂಬ ಭಾವನೆಯಿಂದ ಬಂದ ಹೆಸರು. ಸುಮಾರು ೧೮೪೦ರಿಂದ ಆ ಶತಮಾನದ ಕೊನೆಯವರೆಗೆ ಇಟಲಿ, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಗಳಲ್ಲಿ ಆ ನವೋದಯದ ಮಾದರಿಯಲ್ಲೇ ಮಂಚ, ಪೆಟ್ಟಿಗೆ, ಬೀರು, ಕುರ್ಚಿಗಳನ್ನು ಮಾಡುವ ಪುನರುಜ್ಜೀವನ ಶೈಲಿಯೊಂದು ಹಬ್ಬಿತು. ಎಂದರೆ, ಮರುಹುಟ್ಟಿಗೂ ಒಂದು ಮರುಹುಟ್ಟು. ಈ ಶೈಲಿಗೆ ಜನ ಮೆಚ್ಚಿ ಆರಿಸಿದ ಮರವು ಅಕ್ರೋಟು.

ಅಕ್ರೋಟೆಂದರೆ ನಮಗೆ ಹಬ್ಬದ ದಿನ ತಟ್ಟೆಗೆ ಬರುವ ಕಾಯಿ. ಅಲ್ಲಿ ಅದು ಮೊದಲು ಮರ, ಆಮೇಲೆ ಕಾಯಿ. ಬೆಳೆದ ಮರದ ಚೇಗು ಕಂದು ಬಣ್ಣದ್ದಾಗಿ, ನಡುನಡುವೆ ಹೊಗೆಯಾಡಿದಂತೆ ಕಪ್ಪು ಗೆರೆಗಳುಳ್ಳದ್ದಾಗಿ ಇರುತ್ತದೆ. ನಮ್ಮ ಬೀಟೆಯಷ್ಟು ಗಟ್ಟಿಯಲ್ಲ, ಅಷ್ಟು ತೂಕವೂ ಇಲ್ಲ. ಎಳೆ ಸಣ್ಣದಾದ್ದರಿಂದ ಉಳಿಯು ಎಳೆಯ ಜಾಡಿನಲ್ಲಿ ಹೋದರೂ ಅಡ್ಡಲಾಗಿ ಹೋದರೂ ಮರ ಸಿಗಿಯದೆ ಅಂಚು ಚೊಕ್ಕಟವಾಗಿ ನಿಲ್ಲುತ್ತದೆ. ಮನುಷ್ಯನ ಮುಖ, ಎಲೆಯ ನರ, ಮಗುವಿನ ಬೆರಳು ಇವನ್ನೆಲ್ಲ ಕೆತ್ತಬೇಕಾದವನಿಗೆ ಇದಕ್ಕಿಂತ ಬೇರೆ ಭಾಗ್ಯವಿಲ್ಲ. ಓಕ್ ಮರದಲ್ಲಿ ಇಷ್ಟು ನಯ ಸಾಧ್ಯವಿಲ್ಲ. ಚೆನ್ನಾಗಿ ಒಣಗಿಸಿದ ಮೇಲೆ ಬಾಗುವುದೂ ಸೊಟ್ಟಗಾಗುವುದೂ ಕಡಮೆ. ದೋಷವೆಂದರೆ ಹುಳು. ಚೇಗಿನ ಹೊರಗಿನ ಬಿಳಿಯ ಭಾಗವೆಂದರೆ ಮರಕೊರೆಯುವ ಹುಳುವಿಗೆ ಮೃಷ್ಟಾನ್ನ. ಈ ಹುಳುವಿನ ವಿಚಾರವನ್ನು ತಾವು ನೆನಪಿನಲ್ಲಿಡಬೇಕು. ನಮ್ಮ ಕಥೆಯಲ್ಲಿ ಅದು ಮುಂದೆ ಸಾಕ್ಷಿಯಾಗಿ ಬರಲಿದೆ.

೧೭೦೯ರ ಚಳಿಗಾಲವು ಯೂರೋಪಿನಲ್ಲಿ ಭಯಂಕರವಾಗಿ ಬಂದು ಅಕ್ರೋಟಿನ ತೋಪುಗಳನ್ನು ಒಣಗಿಸಿತು. ೧೭೨೦ರಲ್ಲಿ ಫ್ರಾನ್ಸ್ ದೇಶವು ಈ ಮರವನ್ನು ಹೊರಕ್ಕೆ ಕಳುಹಿಸಕೂಡದೆಂದು ಕಟ್ಟುಮಾಡಿತು. ಇಂಗ್ಲಿಷ್ ಬಡಗಿಗಳು ಅಮೆರಿಕದ ದ್ವೀಪಗಳಿಂದ ಬರುತ್ತಿದ್ದ ಮಹಾಗನಿಗೆ ತಿರುಗಿಕೊಂಡರು. ಹೀಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಶ್ರೀಮಂತರ ಮನೆಗಳಲ್ಲಿ ಅಕ್ರೋಟಿನ ಮರ್ಯಾದೆ ಕುಂದಿತ್ತು. ಪುನರುಜ್ಜೀವನ ಶೈಲಿಯವರು ಹಳೆಯ ಆಕಾರದೊಡನೆ ಹಳೆಯ ಮರವನ್ನೂ ಮತ್ತೆ ಸಿಂಹಾಸನಕ್ಕೆ ಏರಿಸಿದರು.

ಹಳೆಯದೆಂದರೆ ಯಾವುದು? ಫ್ಲಾರೆನ್ಸ್, ಸಿಯೆನಾ ಮೊದಲಾದ ನಗರಗಳ ವರ್ತಕರ ಮನೆಗಳಲ್ಲಿ ಸಾಮಾನುಗಳು ಬಹಳ ಇರಲಿಲ್ಲ. ಇದ್ದ ನಾಲ್ಕಾರರಲ್ಲಿ ಮುಖ್ಯವಾದದ್ದು ಕಸ್ಸೋನೆ ಎಂಬ ದೊಡ್ಡ ಪೆಟ್ಟಿಗೆ. ಮದುವೆಯ ಸಂದರ್ಭದಲ್ಲಿ ಮಾಡಿಸಿ, ವಧುವಿನ ಬಟ್ಟೆಬರೆ ತುಂಬಿ ಇಡುವ ಸಂಪ್ರದಾಯ. ಹದಿನೈದನೆಯ ಶತಮಾನದಲ್ಲಿ ಇದರ ಮೇಲೆ ಬಣ್ಣದ ಚಿತ್ರಗಳನ್ನು ಬರೆಯಿಸುತ್ತಿದ್ದರು. ಹದಿನಾರನೆಯದರಲ್ಲಿ ಚಿತ್ರ ಹೋಗಿ ಅಕ್ರೋಟಿನ ಕೆತ್ತನೆ ಬಂದಿತು. ರೋಮಿನ ಕಲ್ಲಿನ ಶವಪೆಟ್ಟಿಗೆಗಳ ಆಕಾರ, ಕೆಳಗೆ ಸಿಂಹದ ಪಂಜ, ಮೂಲೆಯಲ್ಲಿ ರೆಕ್ಕೆಯ ಹೆಣ್ಣು, ಮುಂಭಾಗದಲ್ಲಿ ಪುರಾಣದ ಕಥೆ. ಮದುವೆಯ ಪೆಟ್ಟಿಗೆಗೆ ಶವಪೆಟ್ಟಿಗೆಯ ಮಾದರಿ ಎಂದರೆ ನಮ್ಮವರು ಕಿವಿ ಮುಚ್ಚಿಕೊಂಡಾರು. ಆದರೆ ಪ್ರಾಚೀನವಾದದ್ದೆಲ್ಲ ಪೂಜ್ಯವೆಂಬ ಆ ಕಾಲದಲ್ಲಿ ಅದು ಯಾರಿಗೂ ಅಪಶಕುನವಾಗಿ ತೋರಲಿಲ್ಲ. ಸಿಯೆನಾದಲ್ಲಿ ಅಂತೋನಿಯೋ ಬಾರಿಲಿ (೧೪೫೩–೧೫೧೬) ಎಂಬ ಮರಗೆಲಸದ ಮಹಾಶಿಲ್ಪಿಯಿದ್ದನು. ನಗರದ ಒಡೆಯನಾಗಿದ್ದ ಪಂದೋಲ್ಫೋ ಪೆತ್ರೂಚಿಯ ಅರಮನೆಗೆ ಅವನು ಕೆತ್ತಿದ ಭಿತ್ತಿಸ್ತಂಭಗಳು ಸಿಯೆನಾದ ಚಿತ್ರಶಾಲೆಯಲ್ಲಿ ಉಳಿದಿವೆ. ಮೂರು ಶತಮಾನಗಳ ನಂತರ ಅದೇ ಊರಿನಲ್ಲಿ ಹುಟ್ಟಿದ ಬಡಗಿಯ ಮಕ್ಕಳಿಗೆ ಇಂಥವೇ ಪಾಠಪುಸ್ತಕಗಳಾದವು.

ಪುನರುಜ್ಜೀವನಕ್ಕೆ ಕಾರಣಗಳು ಹಲವು. ಫ್ರಾನ್ಸಿನ ಕ್ರಾಂತಿಯಲ್ಲಿ ಮಠಗಳೂ ಶ್ರೀಮಂತರ ಮನೆಗಳೂ ಒಡೆದು, ಹಳೆಯ ಸಾಮಾನು ಬೀದಿಗೆ ಬಿದ್ದಿತು. ಅದನ್ನು ಹೆಕ್ಕಿ ಕೂಡಿಟ್ಟ ರಸಿಕರು ಕೆಲವರಿದ್ದರು. ಅವರಲ್ಲೊಬ್ಬನಾದ ದು ಸೊಮ್ಮೆರಾರನ ಸಂಗ್ರಹವನ್ನು ಫ್ರೆಂಚ್ ಸರ್ಕಾರವು ೧೮೪೩ರಲ್ಲಿ ಕೊಂಡು ಪ್ಯಾರಿಸಿನ ಕ್ಲೂನಿ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಕಾರ್ಖಾನೆಯ ಹೊಗೆಯಿಂದ ಬೇಸತ್ತವರಿಗೆ ಹಿಂದಿನ ಕಾಲ ಹೊಂಬಣ್ಣವಾಗಿ ತೋರತೊಡಗಿತು. ಇಟಲಿಯಲ್ಲಿ ಇದಕ್ಕೆ ರಾಷ್ಟ್ರಾಭಿಮಾನವೂ ಸೇರಿಕೊಂಡಿತು. ಚೂರುಚೂರಾಗಿದ್ದ ದೇಶವು ೧೮೬೧ರಲ್ಲಿ ಒಂದಾಯಿತು. ೧೮೬೫ರಿಂದ ೧೮೭೧ರವರೆಗೆ ಫ್ಲಾರೆನ್ಸ್ ನಗರವೇ ರಾಜಧಾನಿ. ಹೊಸದಾಗಿ ಹುಟ್ಟಿದ ರಾಜ್ಯಕ್ಕೆ ಹಳೆಯ ವಂಶಾವಳಿ ಬೇಕಾಗುತ್ತದೆ. ಇಟಲಿಯವರು ಆ ವಂಶಾವಳಿಯನ್ನು ತಮ್ಮ ನವೋದಯ ಕಾಲದಲ್ಲಿ ಕಂಡರು, ಅಕ್ರೋಟು ಮರದಲ್ಲಿಯೂ ಕೆತ್ತಿಸಿದರು.

ಸಿಯೆನಾದ ಆಂಜೆಲೋ ಬಾರ್ಬೆತ್ತಿ ಮತ್ತು ಪಿಯೆತ್ರೋ ಜೂಸ್ತಿ ಈ ಶೈಲಿಯ ಆದಿಪುರುಷರ ಸಾಲಿನವರು. ಬಾರ್ಬೆತ್ತಿಯು ಫ್ಲಾರೆನ್ಸಿಗೆ ಬಂದು ಮಕ್ಕಳೊಡನೆ ಕೆಲಸದ ಮನೆ ನಡೆಸಿದನು. ಅವನ ಕೆತ್ತನೆ ೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೂ ಹೋಯಿತು. ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ನಡೆದ ಆ ಪ್ರದರ್ಶನವನ್ನು ಐದೂವರೆ ತಿಂಗಳಲ್ಲಿ ಸುಮಾರು ಅರುವತ್ತು ಲಕ್ಷ ಜನ ನೋಡಿದರು. ಅಲ್ಲಿ ಎಲ್ಲರ ಕಣ್ಣನ್ನೂ ಸೆಳೆದ ಮರಗೆಲಸವೆಂದರೆ ಪ್ಯಾರಿಸಿನ ಫೂರ್ದಿನ್ವಾ ತಂದಿಟ್ಟಿದ್ದ ಅಕ್ರೋಟಿನ ದೊಡ್ಡ ಬಡಿಸುವ ಬೀರು. ಅದನ್ನು ಬೀರುವೆನ್ನುವುದಕ್ಕಿಂತ ಗೋಪುರವೆನ್ನುವುದು ಲೇಸು. ಬುಡದಲ್ಲಿ ಬೇಟೆನಾಯಿಗಳು ಭಾರ ಹೊತ್ತಿವೆ. ನಡುವೆ ಬೇಟೆಯಲ್ಲಿ ಸತ್ತ ಪ್ರಾಣಿಗಳ ರಾಶಿ. ನಾಲ್ವರು ಸ್ತ್ರೀಯರು ನಾಲ್ಕು ಭೂಖಂಡಗಳಾಗಿ ನಿಂತಿದ್ದಾರೆ: ಯೂರೋಪಿನ ಕೈಯಲ್ಲಿ ದ್ರಾಕ್ಷಾರಸ, ಏಷ್ಯದ ಕೈಯಲ್ಲಿ ಚಹ, ಆಫ್ರಿಕದ ಕೈಯಲ್ಲಿ ಕಾಫಿ, ಅಮೆರಿಕದ ಕೈಯಲ್ಲಿ ಕಬ್ಬು. (ಅಷ್ಟು ಹೊತ್ತಿಗಾಗಲೇ ನಮ್ಮ ಬಾಬಾಬುಡನ್ ಗಿರಿಯಲ್ಲಿ ಕಾಫಿ ಫಲಿಸುತ್ತಿದ್ದುದು ಆ ಶಿಲ್ಪಿಗೆ ತಿಳಿದಿರಲಿಲ್ಲವೆಂದು ತೋರುತ್ತದೆ.) ತೀರ್ಪುಗಾರರು ಅದಕ್ಕೆ ಅತ್ಯುಚ್ಚ ಪದಕವನ್ನಿತ್ತರು.

ಈ ಬೀರುವನ್ನು ನೋಡಿ ಇದು ಹದಿನಾರನೆಯ ಶತಮಾನದ್ದೆಂದು ಯಾರೂ ಭ್ರಮಿಸಲಾರರು. ಸ್ತಂಭ, ಬಳ್ಳಿ, ಮುಖಗಳೆಲ್ಲ ಹಳೆಯವು. ಆದರೆ ನಾಲ್ಕು ಖಂಡಗಳ ಬೆಳೆಯೂ ಒಂದು ಊಟದ ಕೊಠಡಿಗೆ ಬಂದು ಸೇರಬೇಕೆಂಬ ಆಸೆಯಿದೆಯಲ್ಲ, ಅದು ಹಡಗೂ ವ್ಯಾಪಾರವೂ ಸಾಮ್ರಾಜ್ಯವೂ ಬೆಳೆದ ಹತ್ತೊಂಬತ್ತನೆಯ ಶತಮಾನದ ಆಸೆ. ಫೂರ್ದಿನ್ವಾ ಮುಚ್ಚಿಟ್ಟದ್ದು ಏನೂ ಇಲ್ಲ. ತನ್ನ ಹೆಸರನ್ನು ಹೇಳಿಕೊಂಡು, ತನ್ನ ಕಾಲದ ಜನರ ಮುಂದೆ, ತನ್ನ ಕಾಲದ ಹಿರಿಮೆಯನ್ನು ಹಳೆಯ ಭಾಷೆಯಲ್ಲಿ ನುಡಿದನು. ಹಳಗನ್ನಡದ ಛಂದಸ್ಸಿನಲ್ಲಿ ಇಂದಿನ ವಿಷಯವನ್ನು ಕುರಿತು ಬರೆದವನನ್ನು ನಾವು ಕಳ್ಳನೆನ್ನುವುದಿಲ್ಲ.

ಇದೇ ಪ್ರಾಮಾಣಿಕ ಮಾರ್ಗದಲ್ಲಿ, ಆದರೆ ಇನ್ನೂ ಹೆಚ್ಚಿನ ನಯದಿಂದ ನಡೆದವನು ಫ್ಲಾರೆನ್ಸಿನ ಲೂಯಿಜಿ ಫ್ರುಲ್ಲೀನಿ (೧೮೩೯–೧೮೯೭). ಅವನ ಕೆತ್ತನೆ ಮರದಿಂದ ಹೊರಕ್ಕೆ ಚಾಚುವುದಿಲ್ಲ; ಮರದ ಮೇಲೆ ಉಸಿರು ಹರಿದಂತೆ ತೆಳುವಾಗಿ ಏಳುತ್ತದೆ. ೧೮೬೭ ಮತ್ತು ೧೮೭೮ರ ಪ್ಯಾರಿಸ್ ಪ್ರದರ್ಶನಗಳಲ್ಲಿ ಅವನ ಕೆಲಸಕ್ಕೆ ಖ್ಯಾತಿ ಬಂದಿತು. ಅಮೆರಿಕದ ನ್ಯೂಪೋರ್ಟ್ ಎಂಬ ಸಮುದ್ರತೀರದ ಊರಿನಲ್ಲಿ ಚೀನಾ ದೇಶದ ವ್ಯಾಪಾರದಿಂದ ಹಣ ಗಳಿಸಿದ ವೆಟ್‌ಮೋರ್ ಎಂಬುವನು ೧೮೫೨ರಲ್ಲಿ ಒಂದು ಸೌಧವನ್ನು ಕಟ್ಟಿಸಿದ್ದನು. ೧೮೭೦ರ ದಶಕದಲ್ಲಿ ಅವನ ಮಗ ಅದನ್ನು ಹೊಸದು ಮಾಡಿಸುವಾಗ ಪುಸ್ತಕದ ಕೊಠಡಿಗೂ ಊಟದ ಕೊಠಡಿಗೂ ಬೇಕಾದ ಮರಗೆಲಸವನ್ನು ಫ್ರುಲ್ಲೀನಿಯಿಂದಲೇ ಮಾಡಿಸಿದನು. ಗೋಡೆಯ ಹಲಗೆಗಳು, ಬೀರುಗಳು ಎಲ್ಲವೂ ಫ್ಲಾರೆನ್ಸಿನಲ್ಲಿ ಕೆತ್ತಲ್ಪಟ್ಟು ಸಮುದ್ರ ದಾಟಿದವು. ಆ ಮನೆ ಈಗ ಸಾರ್ವಜನಿಕರು ನೋಡಬಹುದಾದ ಸ್ಥಳವಾಗಿದೆ. ಫ್ರುಲ್ಲೀನಿಯ ಹೆಸರು ಅಲ್ಲಿ ಅಳಿಯದೆ ಉಳಿದಿದೆ.

ಯಂತ್ರ ಬಂದ ಮೇಲೆ ಶೈಲಿಗೆ ಒದಗಿದ ಗತಿಯನ್ನು ಬೇಗ ಹೇಳಿ ಮುಗಿಸಬಹುದು. ಜೋರ್ಡನ್ ಎಂಬಾತನು ೧೮೪೫ರಲ್ಲಿ ಇಂಗ್ಲೆಂಡಿನಲ್ಲಿ ಮರ ಕೆತ್ತುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟ್ ಭವನದ ಮರಗೆಲಸದಲ್ಲಿ ಅದರ ಬಳಕೆಯಾಯಿತು. ಯಂತ್ರವು ಒರಟಾಗಿ ಕೊರೆದಿಟ್ಟುದನ್ನು ಮನುಷ್ಯನು ತಿದ್ದಿ ಮುಗಿಸುತ್ತಿದ್ದನು. ಫ್ರಾನ್ಸಿನಲ್ಲಿ ೧೫೪೭ರಿಂದ ೧೫೫೯ರವರೆಗೆ ಆಳಿದ ಎರಡನೆಯ ಹೆನ್ರಿ ದೊರೆಯ ಹೆಸರಿನಲ್ಲಿ, ಕಡೆದ ಕಂಬಗಳುಳ್ಳ ಅಕ್ರೋಟಿನ ಬೀರುಗಳು ಪ್ಯಾರಿಸಿನ ಸೇಂಟ್ ಆಂತ್ವಾನ್ ಬೀದಿಯ ಕೆಲಸದ ಮನೆಗಳಿಂದ ಸಾವಿರಗಟ್ಟಲೆಯಾಗಿ ಹೊರಟು ಗುಮಾಸ್ತರ ಮನೆಗಳನ್ನೂ ಸೇರಿದವು. ಅಮೆರಿಕದ ಗ್ರಾಂಡ್ ರ‍್ಯಾಪಿಡ್ಸ್ ಊರಿನ ಕಾರ್ಖಾನೆಗಳು ಆ ದೇಶದ ಕರಿಯ ಅಕ್ರೋಟಿನಲ್ಲಿ ಮಾಡಿದ ಮಂಚಗಳು ೧೮೭೬ರ ಫಿಲಡೆಲ್ಫಿಯ ಪ್ರದರ್ಶನದಲ್ಲಿ ಬಹುಮಾನ ಪಡೆದವು. ಇವುಗಳಲ್ಲಿ ಹಲವು ಕಣ್ಣಿಗೆ ಭಾರ. ಆದರೂ ಒಬ್ಬ ಅಂಚೆಗುಮಾಸ್ತನು ರಾಜನ ಹೆಸರಿನ ಬೀರುವಿನಲ್ಲಿ ತನ್ನ ತಟ್ಟೆಗಳನ್ನು ಇಟ್ಟುಕೊಳ್ಳಲು ಬಯಸಿದುದನ್ನು ಪರಿಹಾಸ ಮಾಡುವುದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು ಕಥೆಯ ಕತ್ತಲ ಭಾಗ. ಶೈಲಿ ಜನಪ್ರಿಯವಾದಂತೆ, ನಿಜವಾದ ಹಳೆಯ ವಸ್ತುವಿಗೆ ಬೆಲೆ ಏರಿತು. ನಿನ್ನೆ ಕೆತ್ತಿದ ಪೆಟ್ಟಿಗೆಗೂ ನಾನ್ನೂರು ವರ್ಷದ ಪೆಟ್ಟಿಗೆಗೂ ಬೆಲೆಯಲ್ಲಿ ಅಜಗಜಾಂತರ. ಕೆತ್ತುವ ಕೈ ಎರಡಕ್ಕೂ ಸಾಲುವಂತಿದ್ದಾಗ ವರ್ತಕನಿಗೆ ಏನು ತೋಚೀತೆಂದು ಹೇಳಬೇಕಾಗಿಲ್ಲ. ಮಾಲಿಗೆ ಕೊರತೆಯಿರಲಿಲ್ಲ. ೧೮೮೫ರಿಂದ ಹತ್ತು ವರ್ಷಗಳ ಕಾಲ ಫ್ಲಾರೆನ್ಸಿನ ನಡುಪೇಟೆಯನ್ನು ಕೆಡವಿ ಹೊಸ ಚೌಕ ಮಾಡಿದರು. ಹಳೆಯ ಮನೆಗಳ ತೊಲೆ, ಬಾಗಿಲು, ಮುರಿದ ಪೆಟ್ಟಿಗೆ ಎಲ್ಲವೂ ವ್ಯಾಪಾರಕ್ಕೆ ಬಂದವು. ಒಂದು ನಿಜವಾದ ಹಲಗೆಯ ಸುತ್ತ ಮೂರು ಹೊಸ ಹಲಗೆ ಜೋಡಿಸಿದರೆ ಒಂದು ಕಸ್ಸೋನೆ. ಇನ್ನೊಂದು ಹಲಗೆಯಿಂದ ಇನ್ನೊಂದು. ಹೊಸ ಮರ ಬೆಳ್ಳಗೆ ಕಂಡರೆ ಅಕ್ರೋಟಿನ ಹಸಿರು ಸಿಪ್ಪೆಯ ರಸವನ್ನೇ ಬಳಿದು ಕಂದು ಮಾಡುವರು. ಮರದ ಮುಪ್ಪಿಗೆ ಮರದ ಕಾಯಿಯೇ ಬಣ್ಣವಿತ್ತಿತು.

ಶಿಲ್ಪಿಗಳು ಇದರಲ್ಲಿ ಎಷ್ಟು ಪಾಲುಗಾರರು? ಮರದಲ್ಲಲ್ಲದೆ ಮಣ್ಣಿನಲ್ಲಿ ನಡೆದ ಒಂದು ಪ್ರಕರಣ ಇದಕ್ಕೆ ಬೆಳಕು ಕೊಡುತ್ತದೆ. ಜೊವಾನ್ನಿ ಬಾಸ್ತಿಯಾನೀನಿ ಎಂಬ ಬಡ ಶಿಲ್ಪಿಯು ವರ್ತಕನೊಬ್ಬನಿಗಾಗಿ ಬೆನಿವಿಯೇನಿ ಎಂಬ ಪ್ರಾಚೀನ ಕವಿಯ ಸುಟ್ಟ ಮಣ್ಣಿನ ಅರ್ಧಪ್ರತಿಮೆಯೊಂದನ್ನು ಮಾಡಿಕೊಟ್ಟನು. ಅದು ಕೈಯಿಂದ ಕೈಗೆ ದಾಟಿ, ೧೮೬೬ರಲ್ಲಿ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯವು ನವೋದಯ ಕಾಲದ ಕೃತಿಯೆಂದು ದೊಡ್ಡ ಬೆಲೆಗೆ ಅದನ್ನು ಕೊಂಡಿತು. ಸತ್ಯವು ಹೊರಬಿದ್ದಾಗ ಪಂಡಿತರು ನಂಬಲಿಲ್ಲ. ಇಂದಿನವನ ಕೈಯಲ್ಲಿ ಇಷ್ಟು ಶಕ್ತಿಯಿರುವುದು ಅಸಾಧ್ಯವೆಂದು ವಾದಿಸಿದರು. ತನ್ನ ಕೆಲಸ ತನ್ನದೆಂದು ರುಜುವಾತು ಮಾಡಬೇಕಾದ ದುರವಸ್ಥೆ ಶಿಲ್ಪಿಗೆ ಬಂದಿತು. ೧೮೬೮ರಲ್ಲಿ ಅವನು ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡನು. ಲಾಭವೆಲ್ಲ ನಡುವಿನವರ ಪಾಲಾಗಿತ್ತು.

ಮರದ ಸಾಮಾನಿನಲ್ಲಿ ಇದು ಯಾವ ಮಟ್ಟಕ್ಕೆ ಏರಿತೆಂಬುದನ್ನು ಫ್ಲಾರೆನ್ಸಿನ ದಾವಾನ್ಜಾತಿ ಅರಮನೆಯ ಚರಿತ್ರೆಯಿಂದ ತಿಳಿಯಬಹುದು. ಹದಿನಾಲ್ಕನೆಯ ಶತಮಾನದ ಈ ಎತ್ತರವಾದ ಮನೆಯನ್ನು ೧೯೦೪ರಲ್ಲಿ ಏಲಿಯಾ ವೊಲ್ಪಿ ಎಂಬ ಹಳೆಯ ವಸ್ತುಗಳ ವರ್ತಕನು ಕೊಂಡು ಜೀರ್ಣೋದ್ಧಾರ ಮಾಡಿಸಿ, ಕೊಠಡಿ ಕೊಠಡಿಗೂ ಅಕ್ರೋಟಿನ ಪೆಟ್ಟಿಗೆ, ಮೇಜು, ಕುರ್ಚಿಗಳನ್ನು ಜೋಡಿಸಿ, ೧೯೧೦ರಲ್ಲಿ ಪ್ರಾಚೀನ ಫ್ಲಾರೆನ್ಸಿನ ಮನೆಯೆಂದು ಜನರಿಗೆ ತೆರೆದನು. ಅದನ್ನು ನೋಡಿದ ಧನಿಕರಿಗೆಲ್ಲ ತಮ್ಮ ಮನೆಯೂ ಹಾಗೆಯೇ ಇರಬೇಕೆನಿಸಿತು. ೧೯೧೬ರಲ್ಲಿ, ಯೂರೋಪಿನಲ್ಲಿ ಯುದ್ಧ ನಡೆಯುತ್ತಿರುವಾಗಲೇ, ವೊಲ್ಪಿಯು ಆ ಸಾಮಾನುಗಳನ್ನು ನ್ಯೂಯಾರ್ಕಿಗೆ ಸಾಗಿಸಿ ಹರಾಜು ಹಾಕಿದನು. ಅಮೆರಿಕದ ಮನೆಗಳಲ್ಲಿ ದಾವಾನ್ಜಾತಿಯ ಮಾದರಿ ಎಂಬ ಹೊಸ ಹುಚ್ಚೇ ಹರಡಿತು. ಮಾರಿದ ವಸ್ತುಗಳಲ್ಲಿ ಹಳೆಯವೂ ಇದ್ದವು, ಹಳೆಯ ತುಂಡುಗಳಿಂದ ಹೊಸದಾಗಿ ಜೋಡಿಸಿದವೂ ಇದ್ದವು. ಎಂದರೆ, ಹದಿನಾರನೆಯ ಶತಮಾನದ ಮನೆ ಹೀಗೆಯೇ ಇತ್ತೆಂದು ಒಂದು ತಲೆಮಾರು ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ಒಂದು ಪಾಲು ಇಪ್ಪತ್ತನೆಯ ಶತಮಾನದ ವರ್ತಕನ ಕಲ್ಪನೆ. ಮೋಸದ ನಿಜವಾದ ನಷ್ಟ ಕೊಂಡವನ ಹಣವಲ್ಲ. ಸುಳ್ಳು ಶಾಸನವೊಂದು ಸೇರಿಕೊಂಡರೆ ರಾಜವಂಶದ ಕಾಲಗಣನೆಯೇ ಕೆಡುವಂತೆ, ಸುಳ್ಳು ಪೆಟ್ಟಿಗೆಯೊಂದು ಸೇರಿಕೊಂಡರೆ ಹಿಂದಿನವರು ಬದುಕಿದ ಬಗೆಯ ವಿಚಾರವಾಗಿ ನಮಗಿರುವ ತಿಳುವಳಿಕೆಯೇ ಕೆಡುತ್ತದೆ.

ಪರೀಕ್ಷೆ ಹೇಗೆ? ಇಲ್ಲಿ ಹುಳು ಸಾಕ್ಷಿ ನುಡಿಯುತ್ತದೆ. ಮರಕೊರೆಯುವ ಹುಳು ಒಳಗೊಳಗೇ ವಕ್ರವಾಗಿ ದಾರಿ ಮಾಡಿಕೊಂಡು ತಿಂದು, ರೆಕ್ಕೆ ಬಂದ ಮೇಲೆ ಮೇಲ್ಮೈಗೆ ನೆಟ್ಟಗೆ ತೂತು ಕೊರೆದು ಹಾರಿಹೋಗುತ್ತದೆ. ಆದುದರಿಂದ ಸಹಜವಾದ ಹಳೆಯ ಪದಾರ್ಥದ ಹೊರಮೈಯಲ್ಲಿ ಗುಂಡಾದ ಸಣ್ಣ ರಂಧ್ರಗಳು ಮಾತ್ರ ಕಾಣಬೇಕು. ಹೊರಮೈಯಲ್ಲಿ ಉದ್ದಕ್ಕೆ ಕಾಲುವೆಯಂತೆ ಹುಳುವಿನ ದಾರಿ ತೆರೆದುಕೊಂಡಿದ್ದರೆ, ಹುಳು ತಿಂದ ನಂತರ ಆ ಹಲಗೆಯನ್ನು ಯಾರೋ ಕೊಯ್ದಿದ್ದಾರೆ ಅಥವಾ ಕೆತ್ತಿದ್ದಾರೆ ಎಂದರ್ಥ: ಮರ ಹಳೆಯದು, ಕೆತ್ತನೆ ಹೊಸದು. ಹುಳುವಿನ ತೂತಿಗಾಗಿ ಬಂದೂಕಿನಿಂದ ಚರೆ ಹಾರಿಸುತ್ತಿದ್ದರೆಂಬ ಕಥೆಯೊಂದುಂಟು. ಕೇಳಲು ಸೊಗಸಾಗಿದೆ, ಆದರೆ ಸಣ್ಣ ಬೈರಿಗೆಯಿಂದ ಸದ್ದಿಲ್ಲದೆ ಆಗುವ ಕೆಲಸಕ್ಕೆ ಬಂದೂಕೇಕೆ? ಬೈರಿಗೆಯ ತೂತಿಗೆ ತಂತಿ ತೂರಿದರೆ ನೆಟ್ಟಗೆ ಹೋಗಿ ನಿಲ್ಲುತ್ತದೆ, ಹುಳುವಿನ ತೂತಿನಲ್ಲಿ ಬಹುಬೇಗ ತಿರುವು ಸಿಕ್ಕುತ್ತದೆ. ಬೆನ್ನಿನ ಹಲಗೆಯ ಮೇಲೆ ಗರಗಸದ ಗುರುತು ಬಿಲ್ಲಿನಾಕಾರವಾಗಿದ್ದರೆ ಅದು ಯಂತ್ರದ ಚಕ್ರಗರಗಸದ ಕೆಲಸ. ಮೊನೆಯುಳ್ಳ ತಿರುಪು ಮೊಳೆಯು ೧೮೪೦ರ ದಶಕದ ನಂತರದ್ದು. ಮರವು ಎಳೆಗೆ ಅಡ್ಡಲಾಗಿ ಕುಗ್ಗುವುದರಿಂದ ಹಳೆಯ ದುಂಡು ಮೇಜನ್ನು ಅಳೆದರೆ ಒಂದು ದಿಕ್ಕಿನಲ್ಲಿ ತುಸು ಕಿರಿದಾಗಿರಬೇಕು. ಕೊನೆಯದಾಗಿ, ಕೈ ತಾಗುವ ಕಡೆಯಲ್ಲಿ ಸವೆದಿರಬೇಕು, ತಾಗದ ಕಡೆಯಲ್ಲಿ ಸವೆದಿರಬಾರದು. ಮೋಸಗಾರನು ಉತ್ಸಾಹದಲ್ಲಿ ಎಲ್ಲ ಕಡೆಯೂ ಸವೆಸಿಬಿಡುತ್ತಾನೆ.

ಇಷ್ಟೆಲ್ಲ ಪರೀಕ್ಷೆ ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಬಾರ್ಬೆತ್ತಿಯ ಕೆಲಸದ ಮನೆಯಲ್ಲಿ ಹೆಸರು ಹೇಳಿ ಮಾರಿದ ಪೆಟ್ಟಿಗೆಗೂ, ಪಕ್ಕದ ಬೀದಿಯಲ್ಲಿ ಹೆಸರು ಮರೆಸಿ ಮಾರಿದ ಪೆಟ್ಟಿಗೆಗೂ ಮರ ಒಂದೇ, ಉಳಿ ಒಂದೇ, ಕಲಿಸಿದ ಗುರುವೂ ಒಬ್ಬನೇ ಇದ್ದಿರಬಹುದು. ಭೇದವಿರುವುದು ಹೆಸರಿನಲ್ಲಿ ಮಾತ್ರ. ಪುನರುಜ್ಜೀವನದ ಶಿಲ್ಪಿಯು, ಹಿಂದಿನವರಿಂದ ಕಲಿತು ನಾನು ಮಾಡಿದೆನೆನ್ನುತ್ತಾನೆ. ಇನ್ನೊಬ್ಬನಿಗೆ ಆ ಮಾತಾಡಲು ಪೇಟೆಯು ಅವಕಾಶ ಕೊಡಲಿಲ್ಲ. ಸತ್ತವನ ಕೈಗೆ ಸಾವಿರ, ಬದುಕಿರುವವನ ಕೈಗೆ ಹತ್ತು ಎಂಬ ಬೆಲೆಪಟ್ಟಿಯನ್ನು ಬರೆದವರು ಕೊಳ್ಳುವವರು. ಬೇಲೂರಿನ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ಕೆತ್ತಿಟ್ಟಿರುವುದನ್ನು ಬಲ್ಲ ನಮಗೆ, ಹೆಸರನ್ನು ಮುಚ್ಚಿಕೊಳ್ಳಬೇಕಾದ ಶಿಲ್ಪಿಯ ಸಂಕಟ ಅರ್ಥವಾಗದೆ ಇರದು.

೧೯೦೨ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಅಲಂಕಾರಕಲಾ ಪ್ರದರ್ಶನದ ನಿಯಮಾವಳಿಯಲ್ಲಿ, ಹಿಂದಿನ ಶೈಲಿಗಳ ಅನುಕರಣಕ್ಕೆ ಪ್ರವೇಶವಿಲ್ಲವೆಂದು ವಿಧಿಸಿದರು. ಅರ್ಧ ಶತಮಾನದ ಹಿಂದೆ ಪದಕ ಪಡೆದ ಶೈಲಿಗೆ ಈಗ ಬಾಗಿಲು ಮುಚ್ಚಿತು. ಮುಂದೆ ಎರಡನೆಯ ಹೆನ್ರಿಯ ಬೀರುಗಳು ಅಟ್ಟ ಸೇರಿದವು, ಹಲವು ಒಲೆಗೂ ಹೋದವು. ದಾವಾನ್ಜಾತಿ ಅರಮನೆಯನ್ನು ೧೯೫೧ರಲ್ಲಿ ಇಟಲಿಯ ಸರ್ಕಾರವು ಕೊಂಡು ೧೯೫೬ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಯೂರೋಪ್ ಅಮೆರಿಕಗಳ ಸಂಗ್ರಹಾಲಯಗಳಲ್ಲಿ, ಹಿಂದೆ ಹದಿನಾರನೆಯ ಶತಮಾನದ್ದೆಂದು ಕೊಂಡ ಅಕ್ರೋಟಿನ ಪೆಟ್ಟಿಗೆಗಳನ್ನು ವಿದ್ವಾಂಸರು ಮಗುಚಿ ನೋಡಿ, ಚೀಟಿಗಳನ್ನು ಬದಲಿಸುತ್ತಿದ್ದಾರೆ. ಹತ್ತೊಂಬತ್ತನೆಯ ಶತಮಾನ, ಹಳೆಯ ಭಾಗಗಳನ್ನು ಒಳಗೊಂಡಿದೆ ಎಂದು ಹೊಸ ಚೀಟಿಗಳಲ್ಲಿ ಬರೆದಿರುತ್ತದೆ. ಕಾಲ ಸರಿಯಾಯಿತು. ಕೆತ್ತಿದವನ ಹೆಸರಿರಬೇಕಾದ ಸ್ಥಳ ಮಾತ್ರ ಅನೇಕ ಚೀಟಿಗಳಲ್ಲಿ ಹಾಗೆಯೇ ಬರಿದಾಗಿದೆ.